ಎರಡು ದೇಶ, ಎರಡು ಗೆರೆ: ನ್ಯೂಸ್‌ಪ್ರಿಂಟ್ ಆಮದಿನ ಲೆಕ್ಕವನ್ನು ಓದುವುದು ಹೇಗೆ?

ಪೇಪರ್ ಬಿಲ್ಲು ಕೊಡಲು ಬಂದ ಹುಡುಗ ಈ ಸಲ ಅದರ ಜೊತೆ ಒಂದು ಚೀಟಿಯನ್ನೂ ಕೊಟ್ಟು ಹೋದ. ಕಾಗದದ ವೆಚ್ಚ ಹೆಚ್ಚಿರುವುದರಿಂದ ಮುಂದಿನ ತಿಂಗಳಿನಿಂದ ಪತ್ರಿಕೆಯ ಬೆಲೆ ಒಂದು ರೂಪಾಯಿ ಏರುತ್ತದೆ ಎಂಬ ಸೂಚನೆ ಅದರಲ್ಲಿತ್ತು. ಅದೇ ವಾರ ಪಕ್ಕದ ಮನೆಯ ಹುಡುಗಿ, ಬಿ.ಕಾಂ. ಕೊನೆಯ ವರ್ಷದವಳು, ತನ್ನ ಪ್ರಾಜೆಕ್ಟಿನ ಹಾಳೆ ಹಿಡಿದು ಬಂದಳು. ಹಾಳೆಯಲ್ಲಿ ಎರಡು ಗೆರೆಗಳಿದ್ದವು. ಒಂದು ಭಾರತದ್ದು, ಇನ್ನೊಂದು ಅಮೆರಿಕದ್ದು. ಕೆಳಗೆ ಇಸವಿಗಳು, ಎಡಕ್ಕೆ ಡಾಲರ್. ವರ್ಷ ವರ್ಷವೂ ಎಷ್ಟು ಮೌಲ್ಯದ ದಿನಪತ್ರಿಕೆ ಅಚ್ಚಾಗುವ ಕಾಗದ, ಅಂದರೆ ನ್ಯೂಸ್‌ಪ್ರಿಂಟ್ ಆಮದಾಯಿತು ಎಂಬುದರ ನಕ್ಷೆ. ಅಮೆರಿಕದ ಗೆರೆ ಘಾಟಿ ಇಳಿದಂತೆ ಇಳಿದಿತ್ತು. ಭಾರತದ್ದು ತಳದಲ್ಲೇ ನಿಧಾನವಾಗಿ ಏರಿ, ಎಡವಿ, ಮತ್ತೆ ಎದ್ದಿತ್ತು.

“ಮಾವ, ಅಮೆರಿಕದವರು ಪೇಪರ್ ಓದುವುದನ್ನು ಬಿಡುತ್ತಿದ್ದಾರೆ, ನಾವು ಹೆಚ್ಚೆಚ್ಚು ಓದುತ್ತಿದ್ದೇವೆ ಎಂದು ಬರೆದುಬಿಡಲೇ?” ಎಂದು ಕೇಳಿದಳು.

ಬೇಡ ಎಂದೆ. ಶಿವಮೊಗ್ಗದ ಮುದ್ರಣಾಲಯವೊಂದರಲ್ಲಿ ವರ್ಷಗಟ್ಟಲೆ ಕಾಗದದ ಲೆಕ್ಕ ಬರೆದವನು ನಾನು. ರೀಲಿನ ಬಿಲ್ಲು ಏರಿದ ತಿಂಗಳು ರೀಲಿನ ಸಂಖ್ಯೆಯೂ ಏರಿರುತ್ತದೆ ಎಂದು ನಂಬಿದರೆ ಲೆಕ್ಕ ಎಲ್ಲಿ ಹಳ್ಳ ಹಿಡಿಯುತ್ತದೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ. ಆ ಸಂಜೆ ಅವಳಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ. ಪತ್ರಿಕೆಗೆ ಒಂದು ರೂಪಾಯಿ ಹೆಚ್ಚು ಕೊಡಬೇಕಾದವರಿಗೂ ಇದು ಸಂಬಂಧಪಟ್ಟ ವಿಷಯವೇ.

ಯಾವ ಕಾಗದ ಇದು?

ಅಡುಗೆಮನೆಯ ಕಪಾಟಿಗೆ ಹಾಸಿದ ಹಳೆಯ ಪತ್ರಿಕೆಯನ್ನು ಎತ್ತಿ ನೋಡಿ. ಡಬ್ಬಿಗಳ ಅಡಿ ಇದ್ದ ಜಾಗ ಒಂದಿಷ್ಟು ಬೆಳ್ಳಗೆ ಉಳಿದಿರುತ್ತದೆ, ಬೆಳಕು ಬಿದ್ದ ಜಾಗ ಹಳದಿಯಾಗಿರುತ್ತದೆ. ಶಾಲೆಯ ನೋಟ್‌ಬುಕ್ಕಿನ ಹಾಳೆ ಇಷ್ಟು ಬೇಗ ಹೀಗಾಗುವುದಿಲ್ಲ. ವ್ಯತ್ಯಾಸವಿರುವುದು ಮರದಿಂದ ಕಾಗದದ ತಿರುಳು (ಪಲ್ಪ್) ಮಾಡುವ ಬಗೆಯಲ್ಲಿ. ಬರೆಯುವ ಕಾಗದಕ್ಕೆ ಮರವನ್ನು ರಾಸಾಯನಿಕಗಳಲ್ಲಿ ಬೇಯಿಸಿ, ನಾರುಗಳನ್ನು ಅಂಟಿಸಿ ಹಿಡಿದಿರುವ ಲಿಗ್ನಿನ್ ಎಂಬ ಅಂಶವನ್ನು ತೆಗೆದುಹಾಕುತ್ತಾರೆ. ನ್ಯೂಸ್‌ಪ್ರಿಂಟಿಗೆ ಮರವನ್ನು ಬಹುಮಟ್ಟಿಗೆ ಯಂತ್ರದಲ್ಲೇ ಅರೆಯುತ್ತಾರೆ. ಲಿಗ್ನಿನ್ ಒಳಗೇ ಉಳಿಯುತ್ತದೆ, ಗಾಳಿ ಬೆಳಕಿಗೆ ಹಳದಿಯಾಗುತ್ತದೆ. ಅದಕ್ಕೆ ಪ್ರತಿಯಾಗಿ ಒಂದು ಲಾಭವಿದೆ. ಅದೇ ಮರದಿಂದ ಹೆಚ್ಚು ಕಾಗದ ಸಿಗುತ್ತದೆ, ಅಗ್ಗವೂ ಆಗುತ್ತದೆ. ಸಂಜೆಯೊಳಗೆ ಹಳತಾಗುವ ಪತ್ರಿಕೆಗೆ ಇದು ಸಾಕು.

ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಪ್ರತಿ ಸರಕಿಗೂ ಒಂದು ಸಂಖ್ಯೆಯಿದೆ. ನ್ಯೂಸ್‌ಪ್ರಿಂಟಿನದು 4801. ಚದರ ಮೀಟರಿಗೆ 40ರಿಂದ 65 ಗ್ರಾಂ ತೂಗಬೇಕು, ಮೇಲ್ಮೈಗೆ ಲೇಪ ಇರಬಾರದು, ನಾರಿನಲ್ಲಿ ಕನಿಷ್ಠ ಅರ್ಧ ಭಾಗ ಹೀಗೆ ಅರೆದ ಮರದ್ದಾಗಿರಬೇಕು ಎಂಬಂತಹ ನಿಯಮಗಳಿಗೆ ಒಪ್ಪಿದರೆ ಮಾತ್ರ ಕಾಗದ ಈ ಸಂಖ್ಯೆಯೊಳಗೆ ಬರುತ್ತದೆ. ವಾರಪತ್ರಿಕೆಗಳ ಹೊಳೆಯುವ ಲೇಪಿತ ಕಾಗದ ಬೇರೆ ಸಂಖ್ಯೆಗೆ ಸೇರುತ್ತದೆ. ಹೀಗಾಗಿ ನಕ್ಷೆಯ ಗೆರೆ ‘ಪತ್ರಿಕೆಗಳು ಬಳಸಿದ ಒಟ್ಟು ಕಾಗದ’ವನ್ನು ತೋರಿಸುವುದಿಲ್ಲ. 4801 ಎಂಬ ಗೋಣಿಚೀಲದೊಳಗೆ ಬಿದ್ದದ್ದನ್ನಷ್ಟೇ ತೋರಿಸುತ್ತದೆ.

ಇನ್ನೊಂದು ಸಣ್ಣ ಲೆಕ್ಕವನ್ನು ಇಲ್ಲೇ ಮಾಡಿಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ. ದಿನಪತ್ರಿಕೆಯ ಒಂದು ಹಾಳೆಯನ್ನು ಪೂರ್ತಿ ಬಿಡಿಸಿ ಅಳೆದೆ. ಸುಮಾರು 66 ಸೆಂಟಿಮೀಟರ್ ಉದ್ದ, 54 ಸೆಂಟಿಮೀಟರ್ ಅಗಲ. ಹಿಂದೆ ಮುಂದೆ ಸೇರಿ ಅದರಲ್ಲಿ ನಾಲ್ಕು ಪುಟಗಳು. ಚದರ ಮೀಟರಿಗೆ 45 ಗ್ರಾಂ ಕಾಗದವಾದರೆ ಹಾಳೆಯ ತೂಕ 16 ಗ್ರಾಂ. 12 ಪುಟದ ಪತ್ರಿಕೆಗೆ ಇಂಥ ಮೂರು ಹಾಳೆ, ಅಂದರೆ 48 ಗ್ರಾಂ. ಯಂತ್ರದಲ್ಲಿ ಹರಿದು ಹಾಳಾಗುವುದನ್ನು ಬಿಟ್ಟರೆ ಒಂದು ಟನ್ ಕಾಗದದಲ್ಲಿ 20,000ಕ್ಕಿಂತ ಸ್ವಲ್ಪ ಹೆಚ್ಚು ಪ್ರತಿಗಳಾಗುತ್ತವೆ.

ಅಡಿಕೆ ಮಂಡಿಯ ಪಾಠ

ಆಮದಿನ ಮೌಲ್ಯ ಎಂದರೆ ತೂಕವನ್ನು ಬೆಲೆಯಿಂದ ಗುಣಿಸಿದ್ದು. ಇದು ಎಲ್ಲರಿಗೂ ಗೊತ್ತು. ಆದರೆ ನಕ್ಷೆ ನೋಡುವಾಗ ಎಲ್ಲರೂ ಮರೆಯುವುದೂ ಇದನ್ನೇ.

ಮಲೆನಾಡಿನವರಿಗೆ ಇದನ್ನು ಅಡಿಕೆಯಲ್ಲಿ ಹೇಳುವುದು ಸುಲಭ. ತೀರ್ಥಹಳ್ಳಿ ಕಡೆಯ ಒಬ್ಬ ಬೆಳೆಗಾರರು ಒಂದು ವರ್ಷ ಹತ್ತು ಕ್ವಿಂಟಾಲ್ ರಾಶಿ ಅಡಿಕೆಯನ್ನು ಕ್ವಿಂಟಾಲಿಗೆ 30,000 ರೂಪಾಯಿಯಂತೆ ಮಾರಿದರು ಎಂದುಕೊಳ್ಳೋಣ. ಕೈಗೆ ಬಂದದ್ದು ಮೂರು ಲಕ್ಷ. ಮರುವರ್ಷ ಕೊಳೆರೋಗ ಬಂದು ಫಸಲು ಏಳು ಕ್ವಿಂಟಾಲಿಗೆ ಇಳಿಯಿತು, ಧಾರಣೆ 50,000ಕ್ಕೆ ಏರಿತು. ಕೈಗೆ ಬಂದದ್ದು ಮೂರೂವರೆ ಲಕ್ಷ. ಬರೀ ಹಣದ ಗೆರೆ ಎಳೆದರೆ ಏರಿಕೆ ಕಾಣುತ್ತದೆ. ತೋಟಕ್ಕೆ ಹೋಗಿ ನೋಡಿದವರಿಗೆ ಮಾತ್ರ ಉದುರಿ ಬಿದ್ದ ಕಾಯಿ ಕಾಣುತ್ತದೆ.

ನ್ಯೂಸ್‌ಪ್ರಿಂಟಿನ ಧಾರಣೆ ಅಡಿಕೆಯಷ್ಟೇ ಏರಿಳಿಯುವಂಥದ್ದು. ಕೊರೊನಾ ಬಂದ 2020ರಲ್ಲಿ ಕೇಳುವವರಿಲ್ಲದೆ ಬೆಲೆ ಬಿದ್ದಿತ್ತು. 2022ರ ಹೊತ್ತಿಗೆ ಅದು ಎರಡು ಪಟ್ಟಿಗೂ ಹೆಚ್ಚಾಯಿತು. ಇಂಥ ವರ್ಷಗಳಲ್ಲಿ ಒಂದು ದೇಶ ಹಿಂದಿಗಿಂತ ಕಡಿಮೆ ಟನ್ ತರಿಸಿಕೊಂಡರೂ ಅದರ ಮೌಲ್ಯದ ಗೆರೆ ಮೇಲಕ್ಕೆ ಚಿಮ್ಮಬಹುದು. ಆಗ ಏರಿದ ಗೆರೆಯ ಹಿಂದೆ ಇರುವುದು ಪುಟ ಕಡಿಮೆ ಮಾಡಿದ ಪತ್ರಿಕೆಗಳೇ ಹೊರತು ಹೆಚ್ಚು ಓದುವ ಜನರಲ್ಲ.

ಆದ್ದರಿಂದ ಹುಡುಗಿಗೆ ನಾನು ಮೊದಲು ಹೇಳಿದ್ದು, ಮೌಲ್ಯದ ನಕ್ಷೆಯ ಪಕ್ಕದಲ್ಲಿ ಟನ್ನಿನ ನಕ್ಷೆಯನ್ನೂ ಹಾಕು ಎಂದು. ವಿಶ್ವಸಂಸ್ಥೆಯ ವ್ಯಾಪಾರ ಅಂಕಿಅಂಶಗಳಲ್ಲಿ ಮೌಲ್ಯ ಮತ್ತು ತೂಕ ಎರಡೂ ಸಿಗುತ್ತವೆ. ಅದೇ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಅರಣ್ಯ ಉತ್ಪನ್ನಗಳ ಲೆಕ್ಕದಲ್ಲಿ ನ್ಯೂಸ್‌ಪ್ರಿಂಟನ್ನೂ ಸೇರಿಸಿ 1961ರಿಂದ ದಾಖಲೆ ಇಟ್ಟಿದೆ. ಮೌಲ್ಯವನ್ನು ತೂಕದಿಂದ ಭಾಗಿಸಿದರೆ ಆ ವರ್ಷ ಆ ದೇಶ ಟನ್ನಿಗೆ ಸರಾಸರಿ ಎಷ್ಟು ಕೊಟ್ಟಿತು ಎಂಬುದು ಹೊರಬೀಳುತ್ತದೆ. ಮೂರು ಗೆರೆ ಒಟ್ಟಿಗೆ ಇದ್ದರೆ ಯಾರೂ ಸುಲಭವಾಗಿ ಮೋಸಹೋಗುವುದಿಲ್ಲ.

ಕಣದ ಬೆಲೆಯೋ, ಮಂಡಿ ಬಾಗಿಲಿನ ಬೆಲೆಯೋ?

ಎರಡು ದೇಶಗಳನ್ನು ಹೋಲಿಸುವಾಗ ಇನ್ನೊಂದು ತೊಡಕು ಬರುತ್ತದೆ. ಇದನ್ನು ಗಮನಿಸುವವರು ಕಡಿಮೆ. ಅಡಿಕೆಯನ್ನು ಮನೆಯ ಕಣದಲ್ಲೇ ಕೊಟ್ಟರೆ ಒಂದು ಬೆಲೆ. ಲಾರಿ ಬಾಡಿಗೆ, ಹಮಾಲಿ ಎಲ್ಲ ಸೇರಿ ಶಿವಮೊಗ್ಗದ ಮಂಡಿ ತಲುಪಿದಾಗ ಅದೇ ಮೂಟೆಯ ಲೆಕ್ಕ ಬೇರೆ. ದೇಶಗಳೂ ಆಮದಿನ ಮೌಲ್ಯವನ್ನು ಹೀಗೆ ಎರಡು ಬಗೆಯಲ್ಲಿ ಬರೆಯುತ್ತವೆ.

ಭಾರತ ತನ್ನ ಆಮದನ್ನು ಬರೆಯುವುದು ಸರಕಿನ ಬೆಲೆ, ವಿಮೆ ಮತ್ತು ಹಡಗಿನ ಬಾಡಿಗೆ ಮೂರನ್ನೂ ಕೂಡಿಸಿ. ಅಂದರೆ ನಮ್ಮ ಬಂದರಿಗೆ ಬಂದು ನಿಂತಾಗಿನ ಬೆಲೆ. ಅಮೆರಿಕ ಸಾಮಾನ್ಯವಾಗಿ ಪ್ರಕಟಿಸುವ ಆಮದು ಮೌಲ್ಯದಲ್ಲಿ ಸಾಗಣೆ ಮತ್ತು ವಿಮೆ ಇರುವುದಿಲ್ಲ. ಎರಡೂ ಸೇರಿದ ಲೆಕ್ಕವನ್ನು ಅದು ಬೇರೆಯಾಗಿ ಕೊಡುತ್ತದೆ. ನ್ಯೂಸ್‌ಪ್ರಿಂಟಿನ ವಿಷಯದಲ್ಲಿ ಇದನ್ನು ಕಡೆಗಣಿಸುವಂತಿಲ್ಲ, ಏಕೆಂದರೆ ಇದು ತೂಕ ಹೆಚ್ಚಿರುವ, ಬೆಲೆ ಕಡಿಮೆಯಿರುವ ಸರಕು. ಚಿನ್ನದ ಸಾಗಣೆ ಖರ್ಚು ಅದರ ಬೆಲೆಯ ಮುಂದೆ ಲೆಕ್ಕಕ್ಕಿಲ್ಲ. ಕಾಗದದ ರೀಲು ಹಾಗಲ್ಲ. ಕೆನಡಾದ ಗಿರಣಿಯಿಂದ ಅಮೆರಿಕದ ಮುದ್ರಣಾಲಯಕ್ಕೆ ರೈಲಿನಲ್ಲೋ ಲಾರಿಯಲ್ಲೋ ಕಾಗದ ಹೋಗಿಬಿಡುತ್ತದೆ. ನಮಗೆ ಅದೇ ಕಾಗದ ಸಮುದ್ರಗಳನ್ನು ದಾಟಿ ಬರಬೇಕು. ಹಡಗಿನ ಬಾಡಿಗೆ ಏರಿದ 2021ರಂಥ ವರ್ಷದಲ್ಲಿ ನಮ್ಮ ಗೆರೆಗೆ ಆ ಬಾಡಿಗೆಯೂ ಸೇರುತ್ತದೆ, ಅವರದಕ್ಕೆ ಸೇರುವುದಿಲ್ಲ.

ನಮ್ಮ ಆರ್ಥಿಕ ವರ್ಷ ಏಪ್ರಿಲ್‌ನಿಂದ ಮಾರ್ಚ್, ಅವರ ವಾರ್ಷಿಕ ಆಮದು ಲೆಕ್ಕ ಸಾಮಾನ್ಯವಾಗಿ ಜನವರಿಯಿಂದ ಡಿಸೆಂಬರ್. 2019–20 ಎಂದು ಭಾರತ ಬರೆದ ಅಂಕಿಯನ್ನು 2020ರ ಮನೆಯಲ್ಲಿ ಕೂರಿಸಿದರೆ ಕೊರೊನಾದ ಕುಸಿತ ಅದರಲ್ಲಿ ಕಾಣುವುದೇ ಇಲ್ಲ.

ಸುಂಕದ ವಿಷಯವನ್ನೂ ಇಲ್ಲೇ ಹೇಳಬೇಕು. 2019ರ ಜುಲೈ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ನ್ಯೂಸ್‌ಪ್ರಿಂಟ್ ಮೇಲೆ ಶೇ 10ರಷ್ಟು ಆಮದು ಸುಂಕ ಹಾಕಿತು. ಪತ್ರಿಕೆಗಳು ಗೋಗರೆದ ಮೇಲೆ 2020ರ ಫೆಬ್ರುವರಿ ಬಜೆಟ್ಟಿನಲ್ಲಿ ಅದು ಶೇ 5ಕ್ಕೆ ಇಳಿಯಿತು. ಆಮದು ಮೌಲ್ಯ ಲೆಕ್ಕವಾಗುವುದು ಸುಂಕ ಸೇರುವ ಮೊದಲು. ಪತ್ರಿಕೆಯವರ ಜೇಬಿನಿಂದ ಹೋದ ಆ ಹಣ ನಕ್ಷೆಯಲ್ಲಿ ಎಲ್ಲೂ ಇಲ್ಲ. ಗೆರೆ ಹಾಗೇ ಇದ್ದು ಮುದ್ರಣದ ಖರ್ಚು ಮಾತ್ರ ಏರುವುದು ಸಾಧ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಯಾವ ಡಾಲರ್, ಯಾವ ರೂಪಾಯಿ?

ಎರಡು ದೇಶಗಳನ್ನು ಒಂದೇ ನಕ್ಷೆಯಲ್ಲಿ ತೂಗಲು ಡಾಲರ್ ಎಂಬ ಒಂದೇ ತಕ್ಕಡಿ ಬೇಕು. ಆದರೆ ಬೆಲೆ ಕೊಡುವ ನಮ್ಮವರು ಡಾಲರಿನಲ್ಲಿ ಬದುಕುವುದಿಲ್ಲ.

ಟನ್ನಿಗೆ 500 ಡಾಲರ್ ಎಂಬ ಒಂದೇ ಬೆಲೆ ಮೂವತ್ತು ವರ್ಷವೂ ಇತ್ತು ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. 1990ರಲ್ಲಿ ಡಾಲರಿಗೆ ಸುಮಾರು ಹದಿನೇಳೂವರೆ ರೂಪಾಯಿ, ಹಾಗಾಗಿ ಟನ್ನಿಗೆ 8,750 ರೂಪಾಯಿ. 2000ದಲ್ಲಿ ಡಾಲರಿಗೆ ಸುಮಾರು 45 ರೂಪಾಯಿ, ಟನ್ನಿಗೆ 22,500. 2020ರಲ್ಲಿ ಸುಮಾರು 74 ರೂಪಾಯಿ, ಟನ್ನಿಗೆ 37,000. ಡಾಲರ್ ನಕ್ಷೆಯಲ್ಲಿ ನೇರವಾಗಿ ಮಲಗಿದ ಗೆರೆ ರೂಪಾಯಿ ನಕ್ಷೆಯಲ್ಲಿ ನಾಲ್ಕು ಪಟ್ಟು ಎದ್ದು ನಿಲ್ಲುತ್ತದೆ. ಡಾಲರ್ ಕೂಡ ಮೂವತ್ತು ವರ್ಷ ಹಾಗೇ ಉಳಿದಿಲ್ಲ. 1990ರಲ್ಲಿ ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುತ್ತಿದ್ದುದಕ್ಕೆ 2022ರಲ್ಲಿ ಎರಡು ಡಾಲರಿಗಿಂತ ಹೆಚ್ಚು ಬೇಕಿತ್ತು. ಬೆಲೆಯೇರಿಕೆಯನ್ನು ಕಳೆದು ನೋಡಿದರೆ ಅಮೆರಿಕದ ಇಳಿತ ಇನ್ನೂ ಕಡಿದಾಗುತ್ತದೆ, ಭಾರತದ ಏರಿಕೆ ಇನ್ನೂ ಸಪ್ಪಟೆಯಾಗುತ್ತದೆ.

ಮನೆಗೆ ಬರುವ ಪತ್ರಿಕೆಗೆ ಇದನ್ನು ಅನ್ವಯಿಸಿ ನೋಡೋಣ. 48 ಗ್ರಾಂ ತೂಗುವ ಪತ್ರಿಕೆ, ಟನ್ನಿಗೆ 500 ಡಾಲರ್, ಡಾಲರಿಗೆ 75 ರೂಪಾಯಿ. ಕಾಗದಕ್ಕೇ ಪ್ರತಿಗೆ 1 ರೂಪಾಯಿ 80 ಪೈಸೆ. ಟನ್ನಿಗೆ 950 ಡಾಲರ್, ಡಾಲರಿಗೆ 78 ರೂಪಾಯಿ ಆಯಿತೆಂದರೆ ಅದೇ ಪ್ರತಿಯ ಕಾಗದಕ್ಕೆ 3 ರೂಪಾಯಿ 56 ಪೈಸೆ. ಶಾಯಿ, ವಿದ್ಯುತ್, ಸಂಬಳ, ನಸುಕಿನಲ್ಲಿ ಬಸ್ ನಿಲ್ದಾಣದಿಂದ ಹೊರಡುವ ಬಂಡಲ್‌ಗಳ ಸಾಗಣೆ, ಏಜೆಂಟರ ಕಮಿಷನ್ ಎಲ್ಲವೂ ಇದರ ಮೇಲೆ. ಚೀಟಿಯಲ್ಲಿದ್ದ ಆ ಒಂದು ರೂಪಾಯಿ ಹುಟ್ಟುವುದು ಇಲ್ಲಿ.

ಭಾರತದ ಗೆರೆಯ ಹಿಂದಿನ ಕಥೆ

ಸ್ವಾತಂತ್ರ್ಯ ಬಂದ ಮೇಲೆ ಹಲವು ದಶಕ ಭಾರತದಲ್ಲಿ ನ್ಯೂಸ್‌ಪ್ರಿಂಟ್ ಹೆಚ್ಚುಕಡಿಮೆ ಪಡಿತರದ ವಸ್ತುವೇ ಆಗಿತ್ತು. ವಿದೇಶಿ ವಿನಿಮಯದ ಕೊರತೆ ಇದ್ದುದರಿಂದ ಯಾವ ಪತ್ರಿಕೆಗೆ ಎಷ್ಟು ಕಾಗದ ಎಂಬುದನ್ನು ಸರ್ಕಾರ ಕೋಟಾ ಮೂಲಕ ಹಂಚುತ್ತಿತ್ತು. ಮುಂದೆ ಆಮದು ಸರ್ಕಾರದ ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕವೇ ಆಗಬೇಕಾಯಿತು. 1972–73ರ ನೀತಿ ದೊಡ್ಡ ಪತ್ರಿಕೆಗಳಿಗೆ ಹತ್ತು ಪುಟಗಳ ಮಿತಿಯನ್ನೇ ಹಾಕಿತು. ‘ಟೈಮ್ಸ್ ಆಫ್ ಇಂಡಿಯಾ’ ಪತ್ರಿಕೆಯ ಒಡೆಯರಾದ ಬೆನೆಟ್ ಕೋಲ್‌ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1972ರಲ್ಲಿ ಆ ಮಿತಿಯನ್ನು ರದ್ದುಪಡಿಸಿತು. ಕಾಗದಕ್ಕೆ ಹಾಕಿದ ಕಟ್ಟು ಮಾತಿಗೆ ಹಾಕಿದ ಕಟ್ಟೂ ಆಗುತ್ತದೆ ಎಂಬ ವಾದ ಅಲ್ಲಿ ಗೆದ್ದಿತು. ಕೋಟಾ ಮಾತ್ರ ಉಳಿಯಿತು. ಖಾಸಗಿಯವರು ಮುಕ್ತವಾಗಿ ತರಿಸಿಕೊಳ್ಳುವಂತಾದದ್ದು 1990ರ ದಶಕದ ಮಧ್ಯದಲ್ಲಿ.

ಹಾಗಾಗಿ 1960, 70, 80ರ ದಶಕಗಳಲ್ಲಿ ಭಾರತದ ಗೆರೆ ತಗ್ಗಿನಲ್ಲಿದ್ದರೆ ಓದುವ ಆಸೆ ಕಡಿಮೆ ಇತ್ತು ಎಂದು ತಿಳಿಯಬಾರದು. ರೇಷನ್ ಕಾರ್ಡಿಗೆ ಐದು ಕಿಲೋ ಸಕ್ಕರೆ ಕೊಟ್ಟರೆ ಮನೆಯವರು ಐದೇ ಕಿಲೋ ತಿನ್ನಬಲ್ಲರು ಎಂದು ಅರ್ಥವಲ್ಲ.

ಗೆರೆಯನ್ನು ಕೆಳಗೆ ಹಿಡಿದಿಟ್ಟ ಇನ್ನೊಂದು ಶಕ್ತಿ ದೇಶದೊಳಗಿನ ಗಿರಣಿಗಳು. ಮೊದಲನೆಯದು ಮಧ್ಯಪ್ರದೇಶದ ನೇಪಾನಗರದ ಗಿರಣಿ. 1955ರಲ್ಲಿ ಕಾಗದ ತೆಗೆಯಲಾರಂಭಿಸಿದ ಅದನ್ನು 1956ರಲ್ಲಿ ನೆಹರೂ ದೇಶಕ್ಕೆ ಸಮರ್ಪಿಸಿದರು. 1980ರ ದಶಕದ ಮೊದಲ ವರ್ಷಗಳಲ್ಲಿ ಕೇರಳದ ವೆಳ್ಳೂರು, ತಮಿಳುನಾಡಿನ ಪುಗಳೂರು ಮತ್ತು ನಮ್ಮ ಭದ್ರಾವತಿ ಈ ಸಾಲಿಗೆ ಸೇರಿದವು.

ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ, ಎಲ್ಲರ ಬಾಯಲ್ಲಿ ಎಂಪಿಎಂ, ಅದಕ್ಕಿಂತ ಬಹಳ ಹಿಂದಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಮಿರ್ಜಾ ಇಸ್ಮಾಯಿಲ್ ದಿವಾನರಾಗಿದ್ದಾಗ, 1936ರಲ್ಲಿ ಭದ್ರಾ ನದಿಯ ದಡದಲ್ಲಿ ಹುಟ್ಟಿತು. ಮೊದಲು ಬರೆಯುವ ಮತ್ತು ಮುದ್ರಿಸುವ ಕಾಗದ ಮಾಡುತ್ತಿತ್ತು. 1977ರಲ್ಲಿ ಸರ್ಕಾರಿ ಕಂಪನಿಯಾಯಿತು. ನ್ಯೂಸ್‌ಪ್ರಿಂಟ್ ಯಂತ್ರ ಬಂದಾಗ ಅದರ ವಾರ್ಷಿಕ ಸಾಮರ್ಥ್ಯ 75,000 ಟನ್. ಮಲೆನಾಡಿನ ಬಿದಿರು, ಕಾರ್ಖಾನೆಗೆಂದೇ ಬೆಳೆಸಿದ ನೀಲಗಿರಿ ಮತ್ತು ಅಕೇಶಿಯ, ಪಕ್ಕದಲ್ಲೇ ಇದ್ದ ಸಕ್ಕರೆ ಘಟಕದ ಕಬ್ಬಿನ ಸಿಪ್ಪೆ ಇವೆಲ್ಲ ಅಲ್ಲಿ ಪತ್ರಿಕೆಯ ಹಾಳೆಯಾದವು. ಆ ನೆಡುತೋಪುಗಳಿಂದ ನಮ್ಮ ಸಹಜ ಕಾಡಿಗೆ ಆದ ನಷ್ಟ ಇನ್ನೊಂದು ಲೇಖನಕ್ಕಾಗುವಷ್ಟಿದೆ. ಅದನ್ನು ಮರೆತು ಈ ಕಥೆ ಹೇಳುವುದು ನನಗೆ ಸರಿಯೆನಿಸುವುದಿಲ್ಲ.

ಎಂಪಿಎಂ ರೀಲು ನನ್ನ ಕೈ ಬಲ್ಲದ್ದು. ಕಂದು ಕಾಗದದ ಹೊದಿಕೆ, ಮೇಲೆ ಅಗಲ, ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ಎಂಬ ಲೆಕ್ಕ) ಮತ್ತು ತೂಕ ಬರೆದ ಚೀಟಿ. ಲಾರಿಯಿಂದ ಇಳಿಸುವಾಗ ಅಂಚಿಗೆ ಪೆಟ್ಟು ಬಿದ್ದರೆ ಯಂತ್ರಕ್ಕೆ ಏರಿಸಿದಾಗ ಅದೇ ಜಾಗದಲ್ಲಿ ಹರಿಯುತ್ತಿತ್ತು. ಅದಕ್ಕಾಗಿ ಹೊರಗಿನ ಕೆಲವು ಸುತ್ತುಗಳನ್ನು ಸುಲಿದು ತೆಗೆಯಬೇಕಿತ್ತು. ಸುಲಿದದ್ದನ್ನೂ ತೂಗಿ ವೇಸ್ಟೇಜ್ ಪುಸ್ತಕದಲ್ಲಿ ಬರೆಯುತ್ತಿದ್ದೆ. ಇಪ್ಪತ್ತು ಕಿಲೋಮೀಟರ್ ದೂರದ ಊರಿನಿಂದ ಬಂದ ಕಾಗದಕ್ಕೆ ಬಂದರು, ಹಡಗು, ಡಾಲರ್ ಯಾವುದರ ಗೊಡವೆಯೂ ಇರಲಿಲ್ಲ.

2015ರಲ್ಲಿ ಅಲ್ಲಿ ಉತ್ಪಾದನೆ ನಿಂತಿತು. ಹಳೆಯ ಯಂತ್ರಗಳು, ಏರುತ್ತಲೇ ಹೋದ ಖರ್ಚು, ಕೂಡುತ್ತಾ ಬಂದ ಸಾಲ, ಸುಂಕವಿಲ್ಲದೆ ಒಳಬರುತ್ತಿದ್ದ ಅಗ್ಗದ ವಿದೇಶಿ ಕಾಗದ, ಹೀಗೆ ಕಾರಣಗಳು ಒಂದರ ಮೇಲೊಂದು ಬಿದ್ದವು. ಭದ್ರಾವತಿಯಲ್ಲಿ ಪೇಪರ್ ಟೌನ್ ಎಂಬ ಬಡಾವಣೆಯೇ ಇದೆ. ಆ ಹೆಸರು ಹಾಗೇ ಉಳಿದಿದೆ.

ಈಗ ನಕ್ಷೆಗೆ ಹಿಂತಿರುಗಿ. 75,000 ಟನ್ ಸಾಮರ್ಥ್ಯದ ಗಿರಣಿಯೊಂದು ಪೂರ್ತಿ ನಡೆಯುತ್ತಿದ್ದು ನಿಂತುಹೋಯಿತು, ಅಷ್ಟನ್ನೂ ಹೊರಗಿನಿಂದ ತರಿಸಿದರು ಎಂದುಕೊಳ್ಳಿ. ಟನ್ನಿಗೆ 500 ಡಾಲರಿನಂತೆ ವರ್ಷಕ್ಕೆ 3.75 ಕೋಟಿ ಡಾಲರ್ ಆಮದಿನ ಗೆರೆಗೆ ಸೇರುತ್ತದೆ. ನಮ್ಮ ಗಿರಣಿ ಕೊನೆಗಾಲದಲ್ಲಿ ಪೂರ್ತಿ ಸಾಮರ್ಥ್ಯದಲ್ಲಿ ನಡೆಯುತ್ತಿರಲಿಲ್ಲ, ಹಾಗಾಗಿ ನಿಜವಾದ ಪರಿಣಾಮ ಇದಕ್ಕಿಂತ ಚಿಕ್ಕದು. ಆದರೆ ದಿಕ್ಕು ಇದೇ. ಒಬ್ಬ ಹೊಸ ಓದುಗನೂ ಹುಟ್ಟದೆ, ಒಂದು ಪುಟವೂ ಹೆಚ್ಚಾಗದೆ, ಒಂದು ಊರಿನ ಸೈರನ್ ನಿಂತದ್ದರಿಂದಲೇ ದೇಶದ ಆಮದಿನ ಗೆರೆ ಏರಬಲ್ಲದು. ನಾನು ಆ ಹುಡುಗಿಗೆ ಬೇಡ ಎಂದದ್ದು ಮುಖ್ಯವಾಗಿ ಈ ಕಾರಣಕ್ಕೆ. ಬಳಕೆ ಎಂದರೆ ದೇಶದೊಳಗಿನ ಉತ್ಪಾದನೆಗೆ ಆಮದನ್ನು ಕೂಡಿಸಿ, ರಫ್ತನ್ನು ಕಳೆದು ಉಳಿದದ್ದು. ಆಮದೊಂದನ್ನೇ ನೋಡಿ ಬಳಕೆಯನ್ನು ಹೇಳುವುದು ಪೇಟೆಯಿಂದ ತಂದ ತರಕಾರಿಯನ್ನಷ್ಟೇ ಎಣಿಸಿ ಹಿತ್ತಲಿನದನ್ನು ಬಿಟ್ಟ ಹಾಗೆ.

ಅಮೆರಿಕದ ಗೆರೆ

ಇದರ ಕಥೆ ನಮ್ಮದಕ್ಕಿಂತ ಸರಳ. ಅಮೆರಿಕದ ಉತ್ತರಕ್ಕೆ ಕೆನಡಾ, ಕೆನಡಾದ ತುಂಬ ನೀಳ ನಾರಿನ ಸ್ಪ್ರೂಸ್ ಮರಗಳ ಕಾಡು, ಯಂತ್ರ ಓಡಿಸಲು ಜಲವಿದ್ಯುತ್. 1913ರಲ್ಲಿ ಅಮೆರಿಕ ನ್ಯೂಸ್‌ಪ್ರಿಂಟ್ ಮೇಲಿನ ಸುಂಕವನ್ನು ತೆಗೆದ ಮೇಲೆ ಕೆನಡಾದ ಗಿರಣಿಗಳು ಅಮೆರಿಕದ ಪತ್ರಿಕೆಗಳಿಗಾಗಿಯೇ ಬೆಳೆದವು. ಭಾರಿ ಭಾನುವಾರದ ಸಂಚಿಕೆಗಳು, ಪುಟಗಟ್ಟಲೆ ವರ್ಗೀಕೃತ ಜಾಹೀರಾತುಗಳು ಇದ್ದ ಕಾಲದಲ್ಲಿ ಆ ದೇಶ ಜಗತ್ತಿನಲ್ಲೇ ಅತಿ ಹೆಚ್ಚು ನ್ಯೂಸ್‌ಪ್ರಿಂಟ್ ತರಿಸುತ್ತಿತ್ತು. ಆ ಜಾಹೀರಾತುಗಳು ಅಂತರಜಾಲಕ್ಕೆ ಹೋದವು. ಪುಟಗಳು ಕಡಿಮೆಯಾದವು, ಪತ್ರಿಕೆಗಳು ಮುಚ್ಚಿದವು, ಟನ್ನುಗಳೇ ಇಳಿದವು. ಅಂದರೆ ಅಮೆರಿಕದ ಇಳಿತದ ಬಗ್ಗೆ ಹುಡುಗಿ ಹೇಳಿದ್ದು ಸರಿಯೇ. ಅಲ್ಲಿ ಮುದ್ರಿತ ಪತ್ರಿಕೆ ನಿಜವಾಗಿಯೂ ಕುಗ್ಗಿದೆ.

ಅದರಲ್ಲೂ ಒಂದು ಗಂಟು ಇದೆ. 2018ರ ಆರಂಭದಲ್ಲಿ, ವಾಷಿಂಗ್ಟನ್ ರಾಜ್ಯದ ಕಾಗದ ಗಿರಣಿಯೊಂದರ ದೂರಿನ ಮೇಲೆ, ಅಮೆರಿಕ ಕೆನಡಾದ ಕಾಗದಕ್ಕೆ ತಾತ್ಕಾಲಿಕ ಸುಂಕ ಹಾಕಿತು. ಸಣ್ಣ ಊರುಗಳ ಪತ್ರಿಕೆಗಳು ತತ್ತರಿಸಿದವು. ಆ ವರ್ಷ ಆಗಸ್ಟ್‌ನಲ್ಲಿ ಅಲ್ಲಿನ ಅಂತರರಾಷ್ಟ್ರೀಯ ವ್ಯಾಪಾರ ಆಯೋಗ ಒಮ್ಮತದಿಂದ ಆ ಸುಂಕವನ್ನು ತಳ್ಳಿಹಾಕಿತು. ಅದೇ ವರ್ಷ ಚೀನಾ ಹೊರದೇಶಗಳ ಬೆರಕೆ ರದ್ದಿ ಕಾಗದಕ್ಕೆ ಬಾಗಿಲು ಹಾಕಿತು. ರದ್ದಿ ಸಿಗದೆ ಅಲ್ಲಿನ ಕಾಗದ ಕಂಪನಿಗಳು ಬೇರೆ ಕಡೆ ಕೈಚಾಚಿದವು, ಬೆಲೆ ಎಲ್ಲೆಡೆ ಬಿಗಿಯಾಯಿತು. 2018ರ ಗೆರೆ ಓದುವಾಗ ಇವೆರಡೂ ನೆನಪಿರಬೇಕು.

ಒಂದೇ ಇಳಿತ, ಬೇರೆ ಬೇರೆ ಸಂಕಟ

ಅಮೆರಿಕದ ಬದಲು ಶ್ರೀಲಂಕಾವನ್ನು ಭಾರತದ ಪಕ್ಕ ಇಟ್ಟು ನೋಡಿ. 2022ರ ಮಾರ್ಚ್‌ನಲ್ಲಿ ಆ ದೇಶದ ಬಳಿ ಡಾಲರ್ ಖಾಲಿಯಾಗಿತ್ತು. ‘ದಿ ಐಲ್ಯಾಂಡ್’ ಎಂಬ ಇಂಗ್ಲಿಷ್ ಪತ್ರಿಕೆ ಮತ್ತು ‘ದಿವಯಿನ’ ಎಂಬ ಸಿಂಹಳ ಪತ್ರಿಕೆ ನ್ಯೂಸ್‌ಪ್ರಿಂಟ್ ಇಲ್ಲದೆ ಶನಿವಾರದ ಮುದ್ರಣವನ್ನು ನಿಲ್ಲಿಸಿದವು. ಕಾಗದದ ಕೊರತೆಯಿಂದ ಶಾಲಾ ಪರೀಕ್ಷೆಗಳನ್ನೂ ಮುಂದೂಡಬೇಕಾಯಿತು. ಅಲ್ಲಿ ಓದುಗರಿದ್ದರು, ಓದುವ ಅಗತ್ಯ ಎಂದಿಗಿಂತ ಹೆಚ್ಚಿತ್ತು, ಕಾಗದ ಕೊಳ್ಳಲು ಹಣವಿರಲಿಲ್ಲ. ಅಮೆರಿಕದ ಕಾಗದ ಕಡಿಮೆಯಾದದ್ದು ಬೇಡಿಕೆ ಹೋಗಿ, ಶ್ರೀಲಂಕಾದ್ದು ಬೇಡಿಕೆ ಇದ್ದೂ. ನಕ್ಷೆಗೆ ಎರಡೂ ಇಳಿಮುಖದ ಗೆರೆಗಳೇ.

ಅದೇ ತಿಂಗಳುಗಳಲ್ಲಿ ಭಾರತಕ್ಕೆ ಬೇರೆ ಸಂಕಟವಿತ್ತು. ನಮಗೆ ಬರುವ ನ್ಯೂಸ್‌ಪ್ರಿಂಟಿನಲ್ಲಿ ರಷ್ಯಾ ಮತ್ತು ಕೆನಡಾದ ಪಾಲು ದೊಡ್ಡದು. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಮೇಲೆ ಯುದ್ಧ ಶುರುವಾದಾಗ ದೊಡ್ಡ ಹಡಗು ಕಂಪನಿಗಳು ರಷ್ಯಾದ ಬಂದರುಗಳನ್ನು ಬಿಟ್ಟವು, ಹಣ ಪಾವತಿಯ ದಾರಿಗಳೂ ಕಟ್ಟಿಕೊಂಡವು. ಅಷ್ಟರಲ್ಲಾಗಲೇ ಜಗತ್ತಿನ ಹಲವು ಗಿರಣಿಗಳು ನ್ಯೂಸ್‌ಪ್ರಿಂಟ್ ಬಿಟ್ಟು, ಆನ್‌ಲೈನ್ ವ್ಯಾಪಾರದ ಪೆಟ್ಟಿಗೆಗಳಿಗೆ ಬೇಕಾದ ರಟ್ಟಿನತ್ತ ಹೊರಳಿದ್ದವು. ಕೆಲವು ಮುಚ್ಚಿಯೇ ಹೋದವು. ನ್ಯೂಜಿಲೆಂಡಿನ ಕವೆರೌ ಎಂಬ ಊರು ಕಾಗದದ ಗಿರಣಿಗಾಗಿಯೇ ಕಟ್ಟಿದ್ದು. 1955ರಿಂದ ನ್ಯೂಸ್‌ಪ್ರಿಂಟ್ ಮಾಡುತ್ತಿದ್ದ ಅಲ್ಲಿನ ಟ್ಯಾಸ್ಮನ್ ಗಿರಣಿ 2021ರಲ್ಲಿ ನಿಂತಿತು. ಆ ಸುದ್ದಿ ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಪೇಪರ್ ಟೌನಿನ ರಸ್ತೆಗಳು. ಮಾಡುವವರು ಕಡಿಮೆಯಾಗಿ, ಬರುವ ದಾರಿ ಕಟ್ಟಿದಾಗ ಬೆಲೆ ಏರಿದ್ದರಲ್ಲಿ ಆಶ್ಚರ್ಯವಿಲ್ಲ.

ಅಳತೆಗೋಲು ಬದಲಿಸಿದರೆ

ಹುಡುಗಿಯ ನಕ್ಷೆಯಲ್ಲಿ ಎರಡೂ ದೇಶಗಳಿಗೆ ಒಂದೇ ಅಳತೆ ಇತ್ತು. ದೊಡ್ಡ ದೇಶದ ಗೆರೆ ಹಾಳೆಯನ್ನೆಲ್ಲ ಆವರಿಸಿ, ಚಿಕ್ಕದರ ಏರಿಳಿತ ತಳದಲ್ಲಿ ಮುದುಡಿತ್ತು. ಇದಕ್ಕೆ ಒಂದು ಉಪಾಯವಿದೆ. ಒಂದು ವರ್ಷವನ್ನು ಆರಿಸಿ, ಎರಡೂ ದೇಶಗಳ ಆ ವರ್ಷದ ಅಂಕಿಯನ್ನು 100 ಎಂದಿಟ್ಟು, ಉಳಿದ ವರ್ಷಗಳನ್ನು ಅದಕ್ಕೆ ಹೋಲಿಸಿ ಬರೆಯುವುದು. ಸೂಚ್ಯಂಕ ಎನ್ನುವುದು ಇದನ್ನೇ. ಒಂದು ದೇಶದ ಆಮದು 20 ಕೋಟಿ ಡಾಲರಿನಿಂದ 60 ಕೋಟಿಗೆ ಏರಿತು, ಇನ್ನೊಂದರದು 300 ಕೋಟಿಯಿಂದ 150 ಕೋಟಿಗೆ ಇಳಿಯಿತು ಎಂದು ಉದಾಹರಣೆಗೆ ಇಟ್ಟುಕೊಂಡರೆ, ಸೂಚ್ಯಂಕದಲ್ಲಿ ಮೊದಲನೆಯದು 300, ಎರಡನೆಯದು 50. ಈಗ ಮೊದಲನೆಯದೇ ದೈತ್ಯನಂತೆ ಕಾಣುತ್ತದೆ. ಆದರೆ ಅದು ಹೆಚ್ಚಿಸಿಕೊಂಡದ್ದು 40 ಕೋಟಿ, ಇನ್ನೊಂದು ಕಳೆದುಕೊಂಡದ್ದು 150 ಕೋಟಿ. ಆರಂಭದ ವರ್ಷ ಯಾವುದು ಎಂಬುದರ ಮೇಲೂ ಚಿತ್ರ ಬದಲಾಗುತ್ತದೆ. ಬೆಲೆ ಬಿದ್ದ 2020ನ್ನು 100 ಎಂದಿಟ್ಟರೆ ಮುಂದಿನದೆಲ್ಲ ಏರಿಕೆಯಾಗಿಯೇ ಕಾಣುತ್ತದೆ.

ಜನಸಂಖ್ಯೆಯಿಂದ ಭಾಗಿಸಿ ನೋಡುವುದು ಇನ್ನೊಂದು ದಾರಿ. ಮೇಲಿನ ಉದಾಹರಣೆಯ ಮೊದಲ ದೇಶದಲ್ಲಿ ಭಾರತದಂತೆ 140 ಕೋಟಿ ಜನ, ಎರಡನೆಯದರಲ್ಲಿ ಅಮೆರಿಕದಂತೆ 33 ಕೋಟಿ ಜನ ಎಂದರೆ ತಲಾ ಲೆಕ್ಕ ಸುಮಾರು 43 ಸೆಂಟ್ ಮತ್ತು ನಾಲ್ಕೂವರೆ ಡಾಲರ್. ಅರ್ಧಕ್ಕೆ ಇಳಿದ ಮೇಲೂ ಎರಡನೆಯದು ಹತ್ತು ಪಟ್ಟು ಮೇಲಿದೆ. ‘ನಾವೇ ಹೆಚ್ಚು ಓದುತ್ತೇವೆ’ ಎಂಬ ಮಾತು ಇಲ್ಲಿಗೆ ಬಂದು ನಿಲ್ಲುತ್ತದೆ.

ಗೆರೆಗೆ ಸಿಗದ ಕಾಗದ

ಕೊನೆಯದಾಗಿ ಅವಳು ಕೇಳಿದ ಪ್ರಶ್ನೆ ನನಗೆ ಬಹಳ ಹಿಡಿಸಿತು. “ನಮ್ಮ ಮನೆಯಿಂದ ಹೋಗುವ ರದ್ದಿ ಪೇಪರ್ ಈ ಲೆಕ್ಕದಲ್ಲಿ ಎಲ್ಲಿ ಬರುತ್ತದೆ?”

ಬರುವುದಿಲ್ಲ. ಇಂದು ಭಾರತದಲ್ಲಿ ನ್ಯೂಸ್‌ಪ್ರಿಂಟ್ ಮಾಡುವ ಗಿರಣಿಗಳಲ್ಲಿ ಹೆಚ್ಚಿನವು ಮರವನ್ನು ಅರೆಯುವುದಿಲ್ಲ. ಹಳೆಯ ಕಾಗದದ ಶಾಯಿ ತೊಳೆದು, ಮತ್ತೆ ತಿರುಳು ಮಾಡಿ ಹಾಳೆ ತೆಗೆಯುತ್ತವೆ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕಿಲೋ ಲೆಕ್ಕದಲ್ಲಿ ತೂಗಿಸಿಕೊಂಡ ಪತ್ರಿಕೆ ಯಾವುದೋ ದೂರದ ಗಿರಣಿಗೆ ಹೋಗಿ, ಇನ್ನೊಂದು ಊರಿನ ಪತ್ರಿಕೆಯಾಗಿ ಹುಟ್ಟಬಹುದು. ಆ ಕಾಗದದ ನಾರು ಮೊದಲ ಸಲ ಬಂದದ್ದು ಕೆನಡಾದ ಮರದಿಂದಲೇ ಇರಬಹುದು. ಅದು ಆಮದಿನ ಲೆಕ್ಕದಲ್ಲಿ ಸೇರಿದ್ದು ಒಂದೇ ಸಲ.

ನಮ್ಮ ಮನೆಗಳ ರದ್ದಿ ಸಾಲದೆ ದೇಶ ಹೊರಗಿನಿಂದಲೂ ರದ್ದಿ ತರಿಸುತ್ತದೆ. ಅದಕ್ಕೆ ಬೇರೆ ಸಂಖ್ಯೆ, 4707. ರೀಲಾಗಿ ಬಂದರೆ 4801ರಲ್ಲಿ ಎಣಿಕೆ. ರದ್ದಿಯಾಗಿ ಬಂದು ಇಲ್ಲಿ ರೀಲಾದರೆ 4801ರಲ್ಲಿ ಸೊನ್ನೆ. ನ್ಯೂಸ್‌ಪ್ರಿಂಟ್ ಆಮದು ಇಳಿದ ವರ್ಷ ರದ್ದಿಯ ಆಮದು ಏರಿದ್ದರೆ ನಾವು ಸ್ವಾವಲಂಬಿಗಳಾದೆವು ಎನ್ನುವ ಮೊದಲು ಎರಡನ್ನೂ ಪಕ್ಕಪಕ್ಕ ಇಡಬೇಕು.

ಹುಡುಗಿ ತನ್ನ ಹಾಳೆಯ ಮೇಲೆ ‘4707 ನೋಡು’ ಎಂದು ಪೆನ್ಸಿಲಿನಲ್ಲಿ ಬರೆದುಕೊಂಡಳು. ಅದರ ಕೆಳಗೆ ‘ಟನ್’, ‘ಬಾಡಿಗೆ ಸೇರಿದೆಯೋ ಇಲ್ಲವೋ’, ‘ಭದ್ರಾವತಿ 2015’ ಎಂದು ಇನ್ನೂ ಮೂರು ಸಾಲು ಸೇರಿಸಿ, ನಾಳೆ ಟನ್ನಿನ ಅಂಕಿಗಳನ್ನು ತರುತ್ತೇನೆ ಎಂದು ಹೇಳಿ ಹೋದಳು.